ಬಲೆ ಕಡಿಯುವ ಪ್ರಾಣಿ

ಆ ದ್ವೀಪದ ಹೋಟೆಲಿನಲ್ಲಿ ನೂರಾ ನಲವತ್ತು ಮಂದಿ ಕೆಲಸಕ್ಕಿದ್ದರು. ನಗುವುದಕ್ಕೆಂದೇ ಸಂಬಳ ತೆಗೆದುಕೊಳ್ಳುತ್ತಿದ್ದವನು ಮಾತ್ರ ಒಬ್ಬನೇ. ಅವನ ಹುದ್ದೆ ಅತಿಥಿ ಚಟುವಟಿಕೆಗಳ ಮ್ಯಾನೇಜರ್. ಅಡಿಗೆಮನೆಯವರು, ಲಾಂಡ್ರಿಯವರು, ತೋಟದವರೆಲ್ಲ ಅವನಿಗೆ ಇಟ್ಟ ಹೆಸರು ಸ್ಮೈಲ್ ಸಾರ್. ಲಾಂಚಿನಿಂದ ಇಳಿದವರ ಕೈಗೆ ತಣ್ಣನೆಯ ಟವೆಲ್ಲು ಕೊಡಿಸಿ, ವ್ಯಾಪಾರದ ಮಾತಿಗೆ ಬಂದವರನ್ನು ಕಾನ್ಫರೆನ್ಸ್ ಹಾಲಿಗೂ ಹೊಸದಾಗಿ ಮದುವೆಯಾಗಿ ಬಂದವರನ್ನು ಸಮುದ್ರದ ಕಡೆಯ ಕೋಣೆಗಳಿಗೂ ಸಾಗಹಾಕಿ, ಇಬ್ಬರಿಗೂ ಬೇಸರವಾಗದಂತೆ ನೋಡಿಕೊಳ್ಳುವುದು ಅವನ ಕೆಲಸ. ನಾವು ಅವನನ್ನು ಅಳಿಯ ಎಂದೇ ಕರೆಯೋಣ. ಈ ಕಥೆಯಲ್ಲಿ ಅವನಿಗೆ ಅದಕ್ಕಿಂತ ದೊಡ್ಡ ಹುದ್ದೆ ದಕ್ಕುವುದಿಲ್ಲ.

ಈ ಅಳಿಯ ದಿನಾ ಬೆಳಿಗ್ಗೆ ಮಾಡುತ್ತಿದ್ದ ಒಂದು ಕೆಲಸ ಯಾವ ಪಟ್ಟಿಯಲ್ಲೂ ಇರಲಿಲ್ಲ. ಐದೂವರೆ ಸುಮಾರಿಗೆ, ಬೆಳಕು ಹರಿಯುತ್ತಿದ್ದಂತೆ, ಲಾಂಚು ನಿಲ್ಲುವ ಜೆಟ್ಟಿಯ ಪಕ್ಕದ ಹಲಗೆ ದಾರಿ ಹಿಡಿದು ಹೋಗುತ್ತಿದ್ದ. ದಾರಿಯ ಕೊನೆಗೆ ಒಂದು ಚಪ್ಪರ, ಚಪ್ಪರದ ಕಂಬದಿಂದ ಕಂಬಕ್ಕೆ ಇಳಿಬಿಟ್ಟ ಮೀನಿನ ಬಲೆ. ಹಿಂದೆ ಮುಂದೆ ನೋಡಿ, ಜೇಬಿನಿಂದ ರಟ್ಟಿನ ಪೆಟ್ಟಿಗೆ ಬಿಚ್ಚುವ ಕಟ್ಟರ್ ತೆಗೆದು, ಬಲೆಯನ್ನು ಆರೇಳು ಕಡೆ ಕೊಯ್ಯುತ್ತಿದ್ದ. ಮರಳಿಗೆ ಇಳಿದರೆ ಪಾಲಿಶ್ ಹಾಕಿದ ಶೂ ಹಾಳು. ಅದಕ್ಕೇ ಹಲಗೆಯ ಮೇಲೆ ನಿಂತು ಕೈಗೆಟುಕಿದಷ್ಟು ಕೊಯ್ದು ಹಿಂದಿರುಗುತ್ತಿದ್ದ. ಎಂಟು ಗಂಟೆಗೆ ಅವನ ಮಾವ, ಎಂದರೆ ಹೆಂಡತಿಯ ಅಪ್ಪ, ಬಂದು ಚಪ್ಪರದಡಿ ಕೂತು ಅದೇ ಬಲೆಯನ್ನು ಸಂಜೆಯ ತನಕ ಹೊಲಿಯುತ್ತಿದ್ದರು.

ಅಳಿಯ ಕೊಯ್ಯುವುದು, ಮಾವ ಹೊಲಿಯುವುದು. ಒಂದೇ ಮನೆಯಲ್ಲಿ ಉಂಡು ಮಲಗುವ ಇಬ್ಬರು ಮಾಡುವ ಕೆಲಸವೇ ಇದು? ಆದರೆ ಇದು ಹೇಗೆ ಶುರುವಾಯಿತೆಂದು ಕೇಳಿದರೆ, ಶುರುವಿನಲ್ಲಿ ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ ಎಂದೇ ಹೇಳಬೇಕು.

ಹೋಟೆಲು ಬರುವ ಮೊದಲು ಆ ದಡದಲ್ಲಿ ಮಾವನ ದೋಣಿ ನಿಲ್ಲುತ್ತಿತ್ತು. ಅತಿಥಿಗಳು ಈಜುವ ಕಡೆ ದೋಣಿಯೂ ಮೀನಿನ ವಾಸನೆಯೂ ಇರಬಾರದೆಂದು ದಡಕ್ಕೆ ಬೇಲಿ ಬಂತು. ಒಪ್ಪಿಗೆ ಪತ್ರ ಹಿಡಿದು ಮೀನುಗಾರರ ಮನೆಮನೆಗೆ ತಿರುಗಿದವನು, ಆಗಿನ್ನೂ ರಿಸೆಪ್ಷನ್ನಿನಲ್ಲಿದ್ದ ನಮ್ಮ ಅಳಿಯನೇ. ಬೇರೆಯವರು ಹತ್ತು ಪ್ರಶ್ನೆ ಕೇಳಿ ಬೆವರಿಳಿಸಿದರು. ಮಾವ ಕೇಳಿದ್ದು ಒಂದೇ ಪ್ರಶ್ನೆ, ಸಹಿ ಎಲ್ಲಿ ಹಾಕಬೇಕು ಎಂದು. ಅಳಿಯ ತಂದ ಕಾಗದವನ್ನು ಇನ್ನೊಬ್ಬರಿಂದ ಓದಿಸಿ ನೋಡುವುದುಂಟೆ? ದೋಣಿಯನ್ನೂ ಹೋಟೆಲಿನವರೇ ಕೊಂಡರು. ಬಣ್ಣ ಬಳಿದು, ಊಟದ ಹಾಲಿನ ನಟ್ಟನಡುವೆ ನಿಲ್ಲಿಸಿ, ಅದರ ಹೊಟ್ಟೆಗೆ ಮಂಜುಗಡ್ಡೆ ತುಂಬಿ, ಮೇಲೆ ಹೆಚ್ಚಿದ ಹಣ್ಣು ಜೋಡಿಸಿದರು. ಈಗಲೂ ಅದು ಅಲ್ಲೇ ಇದೆ, ದಿನಾ ಮೂರು ಹೊತ್ತು ಹಣ್ಣು ಹೊರುತ್ತದೆ.

ಅತ್ತೆ ತೀರಿಕೊಂಡ ಮೇಲೆ ಮಾವ ಮಗಳ ಮನೆಗೆ ಬಂದರು. ಬಂದವರು ಯಾರಿಗೆ ಅಡ್ಡವಾಗುತ್ತೇನೋ ಎಂದು ಗೋಡೆಗೆ ಅಂಟಿಕೊಂಡೇ ಓಡಾಡಿದರು. ಸೊಳ್ಳೆಪರದೆಯ ತೂತು ಹೊಲಿದರು, ಚೀಲದ ಹಿಡಿ ಹೊಲಿದರು, ಕೊನೆಗೆ ಹರಿಯದ ಬಟ್ಟೆಗಳನ್ನೂ ತಂದುಕೊಡು ಎಂದು ಮಗಳನ್ನು ಕೇಳತೊಡಗಿದರು.

"ರೀ, ಅಪ್ಪನಿಗೆ ನಿಮ್ಮ ಹೋಟೆಲಲ್ಲಿ ಏನಾದ್ರೂ ಕೆಲಸ ನೋಡ್ರೀ," ಎಂದಳು ಹೆಂಡತಿ. "ಗಿಡಕ್ಕೆ ನೀರು ಹಾಕೋದಾದ್ರೂ ಆಗ್ಲಿ. ಕೂತು ಕೂತು ಕರಗಿ ಹೋಗ್ತಿದ್ದಾರೆ."

ಅದೇ ವಾರ ದೊಡ್ಡ ಮ್ಯಾನೇಜರು ಎಲ್ಲರನ್ನೂ ಕೂರಿಸಿಕೊಂಡು, ಪಕ್ಕದ ದ್ವೀಪದ ಹೋಟೆಲಿನಲ್ಲಿ ಗಿಳಿಗಳ ಆಟವಿದೆ, ಗಾಜಿನ ತಳದ ದೋಣಿ ಇದೆ, ನಮ್ಮಲ್ಲಿ ನೋಡಲು ಏನಿದೆ ಎಂದು ಕೂಗಾಡಿದ್ದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅಳಿಯ ಎದ್ದು ನಿಂತು, ಚಪ್ಪರದಡಿ ಒಬ್ಬ ಹಳೆಯ ಮೀನುಗಾರ ಕೂತು ಬಲೆ ಹೊಲಿಯುತ್ತಿದ್ದರೆ ಹೇಗೆ ಎಂದ. ದೊಡ್ಡ ಮ್ಯಾನೇಜರು ಮೇಜು ಕುಟ್ಟಿ ಒಪ್ಪಿದರು.

ಹೀಗೆ ಮಾವ ಕೆಲಸಕ್ಕೆ ಸೇರಿದರು. ಹಲಗೆಯ ಮೇಲೆ 'ಕ್ಯಾಪ್ಟನ್' ಎಂದು ಬರೆಸಿ ಪಕ್ಕದಲ್ಲಿ ನಿಲ್ಲಿಸಿದರು. ಮಾವ ಜೀವಮಾನದಲ್ಲಿ ಯಾರಿಗೂ ಕ್ಯಾಪ್ಟನ್ ಆಗಿದ್ದವರಲ್ಲ. ಅವರ ಸ್ವಂತ ಹಳೆಯ ಅಂಗಿ ಫೋಟೋದಲ್ಲಿ ಸಾಕಷ್ಟು ಹಳೆಯದಾಗಿ ಕಾಣುವುದಿಲ್ಲವೆಂದು, ಲಾಂಡ್ರಿಯವರು ಒಂದು ಹೊಸ ಅಂಗಿಯನ್ನು ಮೂವತ್ತು ಸಲ ಒಗೆದು ಹಳತು ಮಾಡಿಕೊಟ್ಟರು. ಇನ್ನೊಂದು ವಿಷಯವನ್ನು ಅಳಿಯ ಮನೆಯಲ್ಲೇ, ಕಣ್ಣು ತಪ್ಪಿಸಿಕೊಂಡು ಹೇಳಿದ.

"ಮಾವ, ಹೋಟೆಲಲ್ಲಿ ನಾವು ಸಂಬಂಧಿಕರು ಅಂತ ಗೊತ್ತಾಗೋದು ಬೇಡ. ತನ್ನೋರನ್ನೇ ತುಂಬ್ಕೋತಾನೆ ಅಂತ ಮಾತು ಬರುತ್ತೆ."

"ಅದಕ್ಕೇನಂತೆ," ಎಂದರು ಮಾವ. "ಅಲ್ಲಿ ಸಾರ್ ಅಂತೀನಿ, ಇಲ್ಲಿ ಅಳಿಯಂದ್ರೇ ಅಂತೀನಿ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು. ಎರಡೂ ಒಂದೇ ತಾನೆ?"

ಅಳಿಯನೂ ನಕ್ಕ. ಆದರೆ ಮರುದಿನ ಜೆಟ್ಟಿಯ ಮೇಲೆ, ತನ್ನ ಮದುವೆಯಲ್ಲಿ ತನ್ನ ಕೈಹಿಡಿದು ಕರೆತಂದು ಕೂರಿಸಿದ್ದ ಮನುಷ್ಯ ತಲೆಬಾಗಿಸಿ "ನಮಸ್ಕಾರ ಸಾರ್" ಎಂದಾಗ, ಅವನಿಗೆ ಕಾಲರಿನೊಳಗೆ ಬಿಸಿಯಾಯಿತು. ದಿನ ಕಳೆದಂತೆ ಅಭ್ಯಾಸವೂ ಆಯಿತು.

ಮೊದಲ ಹನ್ನೆರಡು ದಿನ ಎಲ್ಲವೂ ಸರಿಯಿತ್ತು. ಬಲೆ ನಿಜಕ್ಕೂ ಹರಿದ ಹಳೆಯ ಬಲೆ. ಮಾವ ಬಿದಿರಿನ ಸೂಜಿಗೆ ನೂಲು ಸುತ್ತಿಕೊಂಡು ಬಲೆಯ ಒಂದೊಂದು ಕಣ್ಣನ್ನೂ ಕಟ್ಟಿದರು. ಮನೆಯಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡರು, ಗೋಡೆ ಬಿಟ್ಟು ನಡುಮನೆಯಲ್ಲಿ ನಡೆದರು. ಹನ್ನೆರಡನೆಯ ದಿನ ಸಂಜೆ, ಲಾಬಿಯ ಅಮೃತಶಿಲೆಯ ಮೇಲೆ ಬರಿಗಾಲಲ್ಲಿ ಓಡಿಬಂದರು.

"ಅಳಿಯಂದ್ರೇ... ಅಲ್ಲ, ಸಾರ್! ಮುಗೀತು! ಒಂದು ಕಣ್ಣೂ ಬಿಟ್ಟಿಲ್ಲ. ಒಂದೇ ಒಂದು ಸಲ ನೀರಿಗೆ ಬಿಟ್ಟು ನೋಡೋಣ್ವಾ? ಅತಿಥಿಗಳು ಇಲ್ಲದ ಹೊತ್ತಲ್ಲಿ. ಬಲೆ ಅಂದ್ಮೇಲೆ ನೀರು ಮುಟ್ಟಬೇಕಲ್ಲ."

"ನೋಡೋಣ, ನೋಡೋಣ," ಎಂದ ಅಳಿಯ, ಸುತ್ತ ಯಾರಾದರೂ ಕೇಳಿಸಿಕೊಂಡರೇನೋ ಎಂದು ನೋಡುತ್ತಾ.

ದೊಡ್ಡ ಮ್ಯಾನೇಜರು 'ಮುಗೀತು' ಎಂಬುದನ್ನಷ್ಟೇ ಕೇಳಿಸಿಕೊಂಡಿದ್ದರು. ಮಾವ ಅತ್ತ ಹೋದ ಮೇಲೆ ಕರೆದು ಹೇಳಿದರು: "ಮುಗೀತಂತಾ? ಹಾಗಾದ್ರೆ ನಾಳೆ ಕಳಿಸಿಬಿಡಿ. ಹರಿಯದ ಬಲೆ ಹಿಡ್ಕೊಂಡು ಮುದುಕ ಸುಮ್ನೆ ಕೂತ್ರೆ ಯಾರ್ರೀ ಫೋಟೋ ತೆಗೀತಾರೆ? ನಿಮ್ಮ ಐಡಿಯಾ ಹನ್ನೆರಡು ದಿನಕ್ಕೇ ಮುಗಿದೋಯ್ತಲ್ರೀ."

ಅಳಿಯನಿಗೆ ಅತ್ತ ದರಿ, ಇತ್ತ ಪುಲಿ. ಕಳಿಸಿದರೆ ಮಾವ ಮತ್ತೆ ಗೋಡೆಗೆ ಅಂಟುತ್ತಾರೆ. ಅದು ನಿಜ. ಐಡಿಯಾ ಮುಗಿದೋಯ್ತು ಎಂಬ ಮಾತು ಅದಕ್ಕಿಂತ ಹೆಚ್ಚು ಚುಚ್ಚಿತು ಎಂಬುದೂ ನಿಜ. ಎರಡರಲ್ಲಿ ಯಾವುದು ಅವನನ್ನು ಮರುದಿನ ಬೆಳಿಗ್ಗೆ ಹಲಗೆ ದಾರಿಗೆ ಎಳೆದುಕೊಂಡು ಹೋಯಿತೆಂದು ಅವನು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡ. ಉತ್ತರ ಗೊತ್ತಿದ್ದರಿಂದ ಪ್ರತಿಸಲವೂ ಅರ್ಧಕ್ಕೇ ನಿಲ್ಲಿಸಿದ. ಒಂದು ದಿನದ ಮಟ್ಟಿಗೆ, ಇನ್ನೊಂದು ಹಳೆಯ ಬಲೆ ಸಿಗುವ ತನಕ ಎಂದುಕೊಂಡು ಮೊದಲ ಸಲ ಕೊಯ್ದ.

ಎಂಟು ಗಂಟೆಗೆ ಮಾವ ಬಂದರು. ಬಲೆ ಬಿಡಿಸಿದರು. ಕೊಯ್ದ ಎಳೆಯ ತುದಿಯನ್ನು ಬೆರಳಲ್ಲಿ ಹೊಸಕಿ, ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹಲಗೆ ದಾರಿಯನ್ನು ನೋಡಿದರು. ಆಮೇಲೆ ಅಲ್ಲಿ ನಿಂತಿದ್ದ ಅಳಿಯನನ್ನು.

"ಏನೋ ಪ್ರಾಣಿ ಕಡಿದಿದೆ ಸಾರ್," ಎಂದರು.

"ಇಲಿ ಇರಬೇಕು," ಎಂದ ಅಳಿಯ.

"ಇಲಿ ಅಲ್ಲ. ಇಲಿ ಕಡಿದ್ರೆ ನೂಲು ಪಿಸಿದು ಕುಚ್ಚಾಗುತ್ತೆ. ಇದು ಬೇರೆ ಏನೋ. ಹಲ್ಲು ಬಹಳ ಚೂಪು ಇದಕ್ಕೆ." ಅಷ್ಟು ಹೇಳಿ ಸೂಜಿ ತೆಗೆದುಕೊಂಡು ಕೂತರು. ಬಲೆಯನ್ನು ನೀರಿಗೆ ಬಿಡುವ ಮಾತನ್ನು ಆಮೇಲೆ ಎಂದೂ ಎತ್ತಲಿಲ್ಲ.

ಒಂದು ದಿನ ಹೋಗಿ ಒಂದು ವಾರವಾಯಿತು, ವಾರ ಹೋಗಿ ಮೂರು ತಿಂಗಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಅಳಿಯ ದಿನಾ ಕೊಯ್ದ. ಪ್ರಾಣಿಯ ಸುದ್ದಿ ಅತಿಥಿಗಳಿಗೆ ಹೇಗೋ ತಲುಪಿತು. ದಿನಾ ಬಲೆ ಕಡಿಯುವ ಪ್ರಾಣಿ, ದಿನಾ ಹೊಲಿಯುವ ಕ್ಯಾಪ್ಟನ್! ಗಾಜಿನ ತಳದ ದೋಣಿಯನ್ನು ಯಾರು ಕೇಳುತ್ತಾರೆ? ಮೀಟಿಂಗಿಗೆ ಬಂದವರು ಊಟದ ಬಿಡುವಿನಲ್ಲಿ, ಹನಿಮೂನಿನವರು ಸ್ನಾನಕ್ಕೆ ಮೊದಲು, ಚಪ್ಪರದ ಸುತ್ತ ಗುಂಪು ಕಟ್ಟಿ ಪ್ರಾಣಿಯ ಬಗ್ಗೆ ಕೇಳುತ್ತಿದ್ದರು. ಅವರ ಭಾಷೆ ಮಾವನಿಗೆ ಬಾರದು, ಮಾವನ ಭಾಷೆ ಅವರಿಗೆ ಬಾರದು. ನಡುವೆ ನಿಂತು ಅತ್ತಿಂದಿತ್ತ ಮಾತು ಸಾಗಿಸುವ ಕೆಲಸ ಸ್ಮೈಲ್ ಸಾರ್ ಅವರದು.

"ಬೆಳಗಿನ ಹೊತ್ತೇ ಬರುತ್ತೆ," ಎಂದು ಹೇಳುತ್ತಿದ್ದರು ಮಾವ, ಸೂಜಿಯಿಂದ ಕಣ್ಣೆತ್ತದೆ. "ಪುಕ್ಕಲು ಪ್ರಾಣಿ. ಮರಳಿಗೆ ಕಾಲಿಡಲ್ಲ, ಕಾಲು ಕೊಳೆಯಾಗುತ್ತೆ ಅಂತಲೋ ಏನೋ. ದಾರಿಯ ಕಡೆಯಿಂದಲೇ ಎಟುಕಿದಷ್ಟು ಕಡಿಯುತ್ತೆ. ಹೊಟ್ಟೆಗಾಗಿ ಕಡಿಯೋದಲ್ಲ, ಒಂದೆಳೆಯನ್ನೂ ತಿನ್ನಲ್ಲ ನೋಡಿ. ಪಾಪ, ಅದಕ್ಕೇನು ಕಷ್ಟವೋ."

ಅಳಿಯ ಅದನ್ನು ನಗುನಗುತ್ತಾ ಅತಿಥಿಗಳ ಭಾಷೆಗೆ ತಿರುಗಿಸುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನ ಕೈ ತಾನಾಗಿಯೇ ಜೇಬಿನ ಕಟ್ಟರಿನ ಮೇಲೆ ಹೋಗುತ್ತಿತ್ತು. ಆದರೂ ಮಾವನಿಗೆ ಗೊತ್ತಿರಬಹುದೆಂದು ಅವನಿಗೆ ಒಮ್ಮೆಯೂ ಅನ್ನಿಸಲಿಲ್ಲ. ಬರಿಗಾಲಿನವರಿಗೆ ಏನು ತಿಳಿಯುತ್ತದೆ ಎಂಬ ಭಾವನೆ ಶೂ ಹಾಕಿದವರ ತಲೆಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಮಾವ ಒಂದು ಬೋನು ತಂದಿಟ್ಟಾಗಲೂ, ಅದನ್ನು ಹಲಗೆ ದಾರಿಯಿಂದ ಆದಷ್ಟು ದೂರ, ನೀರಿನ ಅಂಚಿನಲ್ಲಿ ಏಕೆ ಇಟ್ಟರೆಂದು ಅವನು ಯೋಚಿಸಲಿಲ್ಲ. ಬೋನಿನಲ್ಲಿ ದಿನಾ ಒಂದು ಏಡಿ ಬೀಳುತ್ತಿತ್ತು. ಮಾವ ಅದನ್ನು ಅತಿಥಿಗಳಿಗೆ ತೋರಿಸಿ, ಇವನಲ್ಲ ಎಂದು ಬಿಟ್ಟುಬಿಡುತ್ತಿದ್ದರು. ಅತಿಥಿಗಳು ಚಪ್ಪಾಳೆ ತಟ್ಟುತ್ತಿದ್ದರು.

ಹೋಟೆಲಿನ ಬ್ರೋಷರಿನಲ್ಲಿ ಪ್ರಾಣಿಯ ಚಿತ್ರ ಬಂತು. ಉಡುಗೊರೆ ಅಂಗಡಿಯಲ್ಲಿ ಅದರ ಬಟ್ಟೆಯ ಗೊಂಬೆ ಬಂತು, ಮುಂಗುಸಿಯ ಮೈ, ಮೊಲದ ಕಿವಿ, ಬಾಯಲ್ಲಿ ಎರಡು ಬಿಳಿ ಹಲ್ಲು. ಹೆಂಡತಿ ಒಂದನ್ನು ಮನೆಗೆ ತಂದು ಟಿ.ವಿ. ಮೇಲೆ ಕೂರಿಸಿದಳು.

"ನೋಡಪ್ಪಾ, ನಿನ್ನ ಶತ್ರು," ಎಂದಳು ಅಪ್ಪನಿಗೆ.

ಮಾವ ಕೈಯಲ್ಲಿ ತುತ್ತು ಹಿಡಿದು ಗೊಂಬೆಯನ್ನು ನೋಡಿದರು. "ಹೋಲುತ್ತೆ," ಎಂದರು. "ಕಿವಿ ಮಾತ್ರ ಸ್ವಲ್ಪ ದೊಡ್ಡದಾಯ್ತು."

ಮಗಳು ಬಿದ್ದೂ ಬಿದ್ದೂ ನಕ್ಕಳು. ಅಪ್ಪ ಮತ್ತೆ ತಮಾಷೆ ಮಾಡುವಂತಾದರು, ಎಲ್ಲ ನಿಮ್ಮಿಂದ ಎಂದು ಗಂಡನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ಅಳಿಯ ಅದನ್ನು ಕಲಸುತ್ತಲೇ ಕೂತ. ಗೊಂಬೆ ನೋಡುತ್ತಿತ್ತು.

ಮಳೆಗಾಲ ಹತ್ತಿರವಾದಾಗ ಒಂದು ವ್ಯಾಪಾರದ ತಂಡ ಬಂತು. ಅದರಲ್ಲಿ ಬಟ್ಟೆ ಗಿರಣಿಯ ಯಜಮಾನನೊಬ್ಬನಿದ್ದ. ನಲವತ್ತು ವರ್ಷ ನೂಲಿನ ಜೊತೆ ಏಗಿದವನು. ಎಲ್ಲರೂ ಪ್ರಾಣಿಯ ಕಥೆ ಕೇಳಿ ನಗುತ್ತಿದ್ದರೆ ಅವನು ಬಗ್ಗಿ, ಒಂದು ಎಳೆಯ ತುದಿ ಎತ್ತಿ, ಉಗುರಿನ ಮೇಲಿಟ್ಟು ನೋಡಿದ. ಆಮೇಲೆ ಅಳಿಯನ ಕಡೆ ತಿರುಗಿ ತನ್ನ ಭಾಷೆಯಲ್ಲಿ ಹೇಳಿದ: ಇದು ಹಲ್ಲಿನ ಕೆಲಸವಲ್ಲ, ಬ್ಲೇಡಿನ ಕೆಲಸ. ಯಾರೋ ಈ ಮುದುಕನ ಜೊತೆ ಆಟ ಆಡುತ್ತಿದ್ದಾರೆ. ಅಥವಾ ಈ ಮುದುಕನೇ ನಮ್ಮ ಜೊತೆ ಆಡುತ್ತಿದ್ದಾನೆ. ಅವನನ್ನೇ ಕೇಳಿ.

ಮಾವ ತಲೆಯೆತ್ತಿದರು. "ಏನಂತೆ ಸಾರ್?"

ಆಗಲೇ ಹೇಳಬಹುದಿತ್ತು. ಎಲ್ಲರೆದುರು ಬೇಡ, ಮಾವನ ಕಿವಿಯಲ್ಲಾದರೂ ಹೇಳಬಹುದಿತ್ತು. ಅಳಿಯನ ಬಾಯಿಂದ ಬಂದದ್ದು ಇದು: "ನಿಮ್ಮ ಕೈಕೆಲಸ ಬಹಳ ಚೆನ್ನಾಗಿದೆ ಅಂತಿದ್ದಾರೆ."

"ಹೌದಾ?" ಮಾವ ಗಿರಣಿಯ ಯಜಮಾನನ ಗಂಟುಮುಖವನ್ನೊಮ್ಮೆ ನೋಡಿದರು. "ಹೊಗಳುವಾಗ ಅವರ ಕಡೆ ಮುಖ ಹೀಗೆ ಮಾಡ್ತಾರೇನೋ. ಸಂತೋಷ ಅಂತ ಹೇಳಿ ಸಾರ್."

ಅಳಿಯ ಗಿರಣಿಯವನ ಕಡೆ ತಿರುಗಿ ಅವನ ಭಾಷೆಯಲ್ಲಿ, ಈ ಮುದುಕನಿಗೆ ವಯಸ್ಸಾಗಿದೆ, ತಾನೇ ಕೊಯ್ದುಕೊಂಡು ಮರೆತಿರಬಹುದು, ನೀವೇ ಸ್ವಲ್ಪ ಅರ್ಥ ಮಾಡಿಕೊಳ್ಳಿ ಎಂದ. ಗಿರಣಿಯವನು ಮರುಕದಿಂದ ಮಾವನ ಭುಜ ತಟ್ಟಿ ಹೋದ. ಅದು ಹೊಗಳಿಕೆಯೇ ಎಂಬಂತೆ ಮಾವ ಕೈಮುಗಿದರು. ನೆಲ ಬಿರಿದು ನುಂಗಬಾರದೆ ಎನ್ನುತ್ತಾರಲ್ಲ, ಅಳಿಯನಿಗೆ ಅಂದು ಹಾಗಾಯಿತು. ಹೋಟೆಲಿನ ನೆಲ ಗಟ್ಟಿಯಾಗಿತ್ತು. ಅವನು ಮುಂದಿನ ತಂಡವನ್ನು ಎದುರುಗೊಳ್ಳಲು ಹೋದ.

ಆ ರಾತ್ರಿ ಜ್ವರ ಹತ್ತಿತು. ಮೈ ಕೆಂಡ. ಡಾಕ್ಟರು ವೈರಲ್ ಎಂದರು, ಐದು ದಿನ ಏಳಬೇಡಿ ಎಂದರು. ಅಳಿಯನಿಗೆ ಜ್ವರಕ್ಕಿಂತ ಬಲೆಯ ಚಿಂತೆ ಹೆಚ್ಚಾಯಿತು. ಕೊಯ್ಯುವವನು ಹಾಸಿಗೆಯಲ್ಲಿ ಬಿದ್ದರೆ ನಾಳೆಗೇ ಬಲೆ ಪೂರ್ತಿಯಾಗುತ್ತದೆ. ದೊಡ್ಡ ಮ್ಯಾನೇಜರು ಮಾವನನ್ನು ಮನೆಗೆ ಕಳಿಸುತ್ತಾರೆ. ಅಷ್ಟೇ ಅಲ್ಲ, ಸ್ಮೈಲ್ ಸಾರ್ ರಜೆಯಲ್ಲಿರುವಾಗ ಪ್ರಾಣಿಗೂ ರಜೆ ಎಂಬುದು ಎಂಥ ದಡ್ಡನಿಗೂ ಹೊಳೆಯುತ್ತದೆ. ಎರಡನೆಯ ದಿನ ಹೊದಿಕೆಯೊಳಗಿಂದಲೇ ರಿಸೆಪ್ಷನ್ನಿಗೆ ಫೋನ್ ಮಾಡಿ, ಬಲೆ ಹೇಗಿದೆ ಎಂದು ಕೇಳಿದ.

"ದಿನದ ಹಾಗೇ ಸಾರ್," ಎಂದಳು ರಿಸೆಪ್ಷನ್ ಹುಡುಗಿ. "ಇವತ್ತೂ ಪ್ರಾಣಿ ಬಂದಿತ್ತಂತೆ. ಏಳು ಕಡೆ ಕಡಿದಿದೆ. ಜನ ತುಂಬಿದ್ದಾರೆ."

ಮೂರನೆಯ ದಿನವೂ ಅದೇ ಉತ್ತರ. ನಾಲ್ಕನೆಯ ದಿನವೂ ಅದೇ. ಹಾಗಾದರೆ ಕೊಯ್ಯುತ್ತಿರುವವರು ಯಾರು? ತನ್ನನ್ನು ನೋಡಿದವರು ಯಾರಾದರೂ ಇದ್ದಾರೆಯೇ? ಕಳ್ಳನ ಮನಸ್ಸು ಹುಳ್ಳುಳ್ಳಗೆ. ಜ್ವರದ ಮಬ್ಬಿನಲ್ಲಿ ಬಟ್ಟೆಯ ಗೊಂಬೆಯೇ ಟಿ.ವಿ. ಮೇಲಿಂದ ಇಳಿದು ಹೋಗಿ ಬರುತ್ತಿದೆ ಎಂದೂ ಅವನಿಗೆ ಒಮ್ಮೆ ಅನ್ನಿಸಿತು.

"ಅಪ್ಪ ಈಗ ಬಹಳ ಬೇಗ ಹೋಗ್ತಾರೆ ರೀ," ಎಂದಳು ಹೆಂಡತಿ, ಹಣೆಗೆ ಒದ್ದೆ ಬಟ್ಟೆ ಇಡುತ್ತಾ. "ಐದು ಗಂಟೆಗೆಲ್ಲ ಎದ್ದು ಹೊರಟುಬಿಡ್ತಾರೆ. ಕ್ಯಾಪ್ಟನ್ ಕ್ಯಾಪ್ಟನ್ ಅಂತ ತಲೆಗೇರಿಸಿದ್ದೀರಿ ನೀವು."

ಅಳಿಯ ಕಣ್ಣು ಮುಚ್ಚಿಕೊಂಡ. ಅವನಿಗೆ ಅರ್ಥವಾಯಿತು. ಅರ್ಥವಾದದ್ದನ್ನು ನಂಬಲು ಅವನಿಗೆ ಇನ್ನೊಂದು ದಿನ ಬೇಕಾಯಿತು.

ಆರನೆಯ ದಿನ ಬೆಳಿಗ್ಗೆ ಎದ್ದು, ಕಾಲಿಗೆ ಶೂ ಏರಿಸಿ, ಹೋಟೆಲಿಗೆ ಹೋದ. ಸಮುದ್ರದ ಮೇಲೆ ಬೂದು ಬೆಳಕಿತ್ತು. ಹಲಗೆ ದಾರಿಯ ಕೊನೆಯಲ್ಲಿ ಮಾವ ನಿಂತಿದ್ದರು, ಮರಳಿನ ಮೇಲಲ್ಲ, ಹಲಗೆಯ ಮೇಲೆ, ಅವನು ದಿನಾ ನಿಲ್ಲುತ್ತಿದ್ದ ಜಾಗದಲ್ಲೇ. ಬಲಗೈಯಲ್ಲಿ ಮೀನು ಸೀಳುವ ಹಳೆಯ ಚಾಕು. ಎಡಗೈಯಿಂದ ಬಲೆಯನ್ನು ಬಿಗಿಯಾಗಿ ಹಿಡಿದು ಒಂದು, ಎರಡು, ಮೂರು ಎಂದು ಎಣಿಸುತ್ತಾ, ನಿನ್ನೆ ಇಡೀ ದಿನ ತಾವೇ ಕಟ್ಟಿದ ಕಣ್ಣುಗಳನ್ನು ಕೊಯ್ಯುತ್ತಿದ್ದರು.

ಶೂ ಸದ್ದಾಯಿತು. ಮಾವ ತಿರುಗಿ ನೋಡಿದರು, ಗಾಬರಿಯಾಗಲಿಲ್ಲ.

"ಬಂದ್ರಾ ಅಳಿಯಂದ್ರೇ? ಜ್ವರ ಬಿಡ್ತಾ? ಇಷ್ಟು ಬೇಗ ಗಾಳಿಗೆ ಬರಬಾರದಿತ್ತು."

"ಮಾವ..." ಎಂದ ಅಳಿಯ.

"ನೀವು ಮಲಗಿದ್ರಲ್ಲ, ಪ್ರಾಣಿ ಬರದೇ ಹೋದ್ರೆ ನಿಮ್ಮ ಮೇಲೆ ಅನುಮಾನ ಬರುತ್ತೆ ಅಂತ ಹೆದರಿದೆ. ದೊಡ್ಡ ಮ್ಯಾನೇಜರ್ ಬೇರೆ ದಿನಾ ಬಂದು ನೋಡ್ತಿದ್ರು." ಮಾವ ಐದನೆಯ ಎಳೆ ಕೊಯ್ದರು. "ಇನ್ನೆರಡು. ಏಳು ತಾನೆ ನಿಮ್ಮ ಲೆಕ್ಕ?"

"ಯಾವಾಗಿಂದ ಗೊತ್ತು ಮಾವ?"

"ಮೊದಲನೇ ದಿನದಿಂದ. ಐವತ್ತು ವರ್ಷ ಬಲೆ ಹಿಡಿದಿದ್ದೀನಿ. ಹಲ್ಲು ಯಾವುದು, ಅಲಗು ಯಾವುದು ಅಂತ ಗೊತ್ತಾಗಲ್ವಾ?" ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅಳಿಯ ಕಾಲಿಗೆ ಬಿದ್ದು ಹಗುರಾಗುತ್ತಿದ್ದ. "ಆವತ್ತು ನೀವು ಅಲ್ಲೇ ನಿಂತಿದ್ರಿ. ಮುಖ ನೋಡಿದ್ರೆ ತಪ್ಪು ಮಾಡಿದ ಮಗು ಇದ್ದ ಹಾಗಿತ್ತು. ಬಾಯಿಗೆ ಬಂದದ್ದು ಹೇಳ್ದೆ, ಪ್ರಾಣಿ ಅಂತ."

"ಯಾಕೆ... ಕೇಳಬಹುದಿತ್ತಲ್ಲ ನನ್ನನ್ನ. ಬೈಯಬಹುದಿತ್ತು."

"ಕೇಳಿದ್ರೆ ಸಾಯಂಕಾಲ ಮನೇಲಿ ನನ್ನ ಮುಖ ಹೇಗೆ ನೋಡ್ತಿದ್ರಿ? ಒಂದೇ ಮನೇಲಿ ಊಟಕ್ಕೆ ಕೂರಬೇಕು. ಮಗಳು ಎದುರಿಗೆ ನಿಂತು ಬಡಿಸ್ತಾಳೆ." ಮಾವ ಆರನೆಯದನ್ನು ಕೊಯ್ದರು. "ನನಗೂ ಕೆಲಸ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಆದ್ರೆ ಒಂದು ಮಾತು. ನೀವು ಗಂಟಿಗೆ ಸೇರಿಸಿ ಕೊಯ್ತೀರಿ. ಅಲ್ಲಿ ಕೊಯ್ದ್ರೆ ಸುತ್ತಲಿನ ನಾಲ್ಕು ಕಣ್ಣೂ ಸಡಿಲ ಆಗುತ್ತೆ. ಬೆರಳು ನೋಯುತ್ತೆ ನನಗೆ. ಎರಡು ಗಂಟಿನ ಮಧ್ಯೆ ಕೊಯ್ಯಬೇಕು. ಇಲ್ಲಿ, ನೋಡಿ." ಎಳೆಯನ್ನು ಎರಡು ಬೆರಳ ನಡುವೆ ಹಿಡಿದು ತೋರಿಸಿದರು. ಮೂರು ತಿಂಗಳು ಗಂಟು ಬಿಗಿದ ಬೆರಳುಗಳ ತುದಿ ಸೀಳಿತ್ತು.

ಅಳಿಯ ಆ ಬೆರಳುಗಳನ್ನು ನೋಡಿದ. ಅವು ದಿನಾ ಅವನ ಎದುರಿಗೇ ತುತ್ತು ಕಲಸುತ್ತಿದ್ದವು, ಅವನು ನೋಡಿರಲಿಲ್ಲ.

"ನಾಳೆಯಿಂದ ಬೇಡ ಮಾವ," ಎಂದ. "ನಾನೇ ಹೋಗಿ ಹೇಳ್ತೀನಿ ದೊಡ್ಡ ಮ್ಯಾನೇಜರಿಗೆ."

"ಏನಂತ?"

'ಬಲೆಯನ್ನು ನಾನು ಕೊಯ್ಯುತ್ತಿದ್ದೆ' ಎಂದು ಹೇಳಬಹುದು. 'ಅವರು ನನ್ನ ಮಾವ' ಎಂಬುದನ್ನೂ ಹೇಳಬೇಕಾಗುತ್ತದೆ ಎಂದು ನೆನಪಾಗಿ ಅವನ ನಾಲಿಗೆ ನಿಂತಿತು. ಇಷ್ಟಾದ ಮೇಲೂ ನಾಲಿಗೆ ನಿಂತಿತಲ್ಲ ಎಂಬ ನಾಚಿಕೆ ಉಳಿದೆಲ್ಲ ನಾಚಿಕೆಗಳಿಗಿಂತ ದೊಡ್ಡದಾಯಿತು. ಮಾವ ಅವನ ಮುಖ ನೋಡಿ, ತಾವು ಕೇಳಿದ್ದೇ ತಪ್ಪಾಯಿತೆಂಬಂತೆ ಬಲೆಯ ಕಡೆ ತಿರುಗಿದರು.

"ಆವತ್ತು ಬಲೆ ಮುಗಿದ ದಿನ ಒಂದು ಸಲ ನೀರಿಗೆ ಬಿಟ್ಟುಬಿಡಬೇಕಿತ್ತು," ಎಂದರು. "ಆಮೇಲೆ ಬೇಕಾದ್ರೆ ಕೊಯ್ಕೋಬಹುದಿತ್ತು ನೀವು. ಅದೊಂದೇ ಕೊರಗು ನನಗೆ." ಏಳನೆಯ ಎಳೆ ಕೊಯ್ದು, ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಎಂಟೂವರೆಗೆ ಮೊದಲ ಲಾಂಚು ಬಂತು. ಮೂವತ್ತು ಜನ, ಅರ್ಧ ಸೂಟಿನವರು, ಅರ್ಧ ಹೂವಿನ ಅಂಗಿಯವರು. ಅಳಿಯ ಟವೆಲ್ಲು ಕೊಡಿಸಿ, ಹಲಗೆ ದಾರಿಯಲ್ಲಿ ಚಪ್ಪರದ ಕಡೆ ಕರೆತಂದ. ಮೂವತ್ತು ಸಲ ಒಗೆದ ಅಂಗಿ ತೊಟ್ಟು ಮಾವ ಕೂತಿದ್ದರು. ಒಬ್ಬ ಹೆಂಗಸು ಕೈಯಲ್ಲಿದ್ದ ಬ್ರೋಷರು ತೋರಿಸಿ, ಆ ಪ್ರಾಣಿ ಕೊನೆಗೂ ಸಿಕ್ಕಿತೇ ಎಂದು ಕೇಳಿದಳು.

ಅಳಿಯ ಪ್ರಶ್ನೆಯನ್ನು ಮಾವನಿಗೆ ಒಪ್ಪಿಸಿದ. ತಲೆಯೆತ್ತಿ ಒಪ್ಪಿಸಲಾಗಲಿಲ್ಲ.

ಮಾವ ಸೂಜಿ ನಿಲ್ಲಿಸಿದರು. "ಇವತ್ತು ಬೆಳಿಗ್ಗೆ ಸಿಕ್ತು ಅಂತ ಹೇಳಿ ಸಾರ್. ಕಣ್ಣಾರೆ ನೋಡ್ದೆ. ಜ್ವರ ಬಂದು ಸೊರಗಿತ್ತು. ಅದಕ್ಕೂ ಹೆಂಡ್ತಿ, ಮನೆ ಇದೆಯಲ್ಲ. ಬಿಟ್ಟುಬಿಟ್ಟೆ."

ಮೂರು ತಿಂಗಳಲ್ಲಿ ಅಳಿಯ ಮಾವನ ಮಾತಿಗೆ ಎಷ್ಟೋ ಒಗ್ಗರಣೆ ಹಾಕಿದ್ದ, ಎಷ್ಟೋ ನುಂಗಿದ್ದ. ಇದೊಂದನ್ನು ಮಾತ್ರ ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ತಿರುಗಿಸಿ ಹೇಳಿದ. ಹೇಳುವಾಗ ದನಿ ಒಡೆಯಿತು. ಅತಿಥಿಗಳು ಅದನ್ನೂ ಕಥೆಯ ಭಾಗವೆಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು. ಫೋಟೋ ತೆಗೆದುಕೊಂಡು, ಹಣ್ಣು ತಿನ್ನಲು ದೋಣಿಯಿದ್ದ ಹಾಲಿನ ಕಡೆ ಹೊರಟರು.

ಅಳಿಯ ಹೋಗಲಿಲ್ಲ. ಹಲಗೆಯ ಅಂಚಿನಲ್ಲಿ ಶೂ ಬಿಚ್ಚಿದ, ಕಾಲುಚೀಲ ಬಿಚ್ಚಿದ. ಮರಳಿಗೆ ಇಳಿದು, ಮಾವನ ಎದುರಿಗೆ ಕೂತು, ಬಲೆಯ ಒಂದು ತುದಿಯನ್ನು ತೊಡೆಯ ಮೇಲೆ ಎಳೆದುಕೊಂಡ.

"ಗಂಟು ಹಾಕೋದು ಹೇಳಿಕೊಡಿ ಮಾವ," ಎಂದ. ಹೋಟೆಲಿನ ನೆಲದ ಮೇಲೆ ಅವನು ಆ ಸಂಬಂಧದ ಹೆಸರು ಹಿಡಿದು ಕರೆದದ್ದು, ಹಗಲಲ್ಲಿ, ಅದೇ ಮೊದಲು.

ಮಾವ ಅವನನ್ನು ನೋಡಿದರು. ಆಮೇಲೆ ಅವನ ಭುಜದಾಚೆಗೆ, ಜೆಟ್ಟಿಯ ಕಡೆ ನೋಡಿದರು. ಎರಡನೆಯ ಲಾಂಚು ಹತ್ತಿರವಾಗುತ್ತಿತ್ತು. ಅದರ ಮುಂದುಗಡೆ ಆಗಲೇ ಹತ್ತಾರು ಮಂದಿ ಕ್ಯಾಮೆರಾ ಹಿಡಿದು ನಿಂತಿದ್ದರು. ಮಾವ ಅವನ ತೊಡೆಯ ಮೇಲಿದ್ದ ಬಲೆಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

"ಏಳಿ ಸಾರ್," ಎಂದರು. "ನೀವು ಇಲ್ಲಿ ಕೂತ್ರೆ ಫೋಟೋ ಕೆಡುತ್ತೆ."

ಅಳಿಯ ಎದ್ದ. ಮರಳು ಮೆತ್ತಿದ ಕಾಲಿಗೇ ಶೂ ತೊಟ್ಟು, ಜೆಟ್ಟಿಯ ಕಡೆ ನಡೆದ. ಲಾಂಚು ದಡ ಮುಟ್ಟುವ ಹೊತ್ತಿಗೆ ಅವನು ಟವೆಲ್ಲಿನ ತಟ್ಟೆಯ ಪಕ್ಕದಲ್ಲಿ, ನಗುತ್ತಾ ನಿಂತಿದ್ದ.